ಸೋಲನ್ನು ಬದಲಿಸದ ಟೀಚರ್

ಟೀಚರ್ ಬರುವುದು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಿತ್ತು. ಒಂದು ಹೆಜ್ಜೆ ಗಟ್ಟಿಯಾಗಿ ಊರುತ್ತಿತ್ತು, ಇನ್ನೊಂದು ನೆಲವನ್ನು ಸವರಿಕೊಂಡು ಹಿಂದಿನಿಂದ ಬರುತ್ತಿತ್ತು. ಬಾಲ್ಯದ ಜ್ವರವೊಂದು ಅವರ ಎಡಗಾಲಿನ ಶಕ್ತಿ ಕಸಿದಿತ್ತು. ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಆ ಸದ್ದು ಕೇಳಿದೊಡನೆ ಮಕ್ಕಳು ಲಿಫ್ಟಿನೊಳಗೆ ಆಡುವುದನ್ನು ನಿಲ್ಲಿಸುತ್ತಿದ್ದರು. ಎಡಗಾಲು ಎಂದು ಬರೆದೆ. ನನ್ನ ಮಗಳು ಬಲಗಾಲು ಎನ್ನುತ್ತಾಳೆ. ಇರುವ ಫೋಟೊಗಳಲ್ಲೆಲ್ಲ ಅವರು ಕುಳಿತೇ ಇದ್ದಾರೆ. ಹಾಗಾಗಿ ನಮ್ಮ ವಾದ ಇನ್ನೂ ಮುಗಿದಿಲ್ಲ.

ಅಲ್ಲಿನ ಶಾಲೆಯೊಂದರಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಗಂಡನ ಕೆಲಸ ಇನ್ನೂ ಇದ್ದುದರಿಂದ ಅವರ ವೀಸಾದಲ್ಲೇ ಉಳಿದುಕೊಂಡಿದ್ದರು. ವಾರದ ರಜೆಯಾದ ಶುಕ್ರವಾರ ಇಗರ್ಜಿಯಿಂದ ಬಂದವರೇ ಸೋಫಾವನ್ನು ಗೋಡೆಗೆ ತಳ್ಳಿ, ನೆಲದ ಮೇಲೆ ಚಾಪೆ ಹಾಸಿ, ಸುತ್ತಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಮನೆಮಾತು ಕೊಂಕಣಿ. ಅದನ್ನು ಯಾರಾದರೂ ಎತ್ತಿದರೆ, "ನನ್ನದು ಕಲಿತ ಕನ್ನಡ ಮಾರಾಯ್ತಿ. ಕಷ್ಟ ಎಲ್ಲಿ ಉಂಟು ಅಂತ ಗೊತ್ತುಂಟು" ಎನ್ನುತ್ತಿದ್ದರು.

ಒಂದು ವರ್ಷ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಅವರು ಮಕ್ಕಳಿಂದ ಒಂದು ನಾಟಕ ಆಡಿಸಲು ಹೊರಟರು. ವಿಷಯ ಕೇಳಿ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಇನ್ನೂರು ವರ್ಷಗಳ ಹಿಂದೆ ಗ್ರೀಕರು ತುರ್ಕಿ ಸಾಮ್ರಾಜ್ಯದಿಂದ ಬಿಡುಗಡೆಗಾಗಿ ಎದ್ದಾಗ, ವಿದ್ಯಾರ್ಥಿಗಳು ತಾವಾಗಿ ಬಂದು ಸೇರಿದ ಒಂದು ದಳವಿತ್ತು. ಪವಿತ್ರ ದಳ ಎಂದು ಅದರ ಹೆಸರು. ಕಪ್ಪು ಬಟ್ಟೆ ತೊಟ್ಟ ಆ ಹುಡುಗರಿಗೆ ಯುದ್ಧದ ಅನುಭವವೇ ಇರಲಿಲ್ಲ. ಮೊದಲ ದೊಡ್ಡ ಕಾಳಗದಲ್ಲೇ, ಉಳಿದವರು ಚದುರಿದರೂ ಇವರು ಜಾಗ ಬಿಡದೆ ನಿಂತು, ಹೆಚ್ಚಿನವರು ಅಲ್ಲೇ ಸತ್ತರು.

"ರಾಜ್ಯೋತ್ಸವಕ್ಕೆ ಗ್ರೀಸ್ ಎಂತಕ್ಕೆ ಟೀಚರ್?" ಎಂದು ಕೇಳಿದೆ.

"ಅಪ್ಪ ದುಡಿಲಿಕ್ಕೆ ಹೋದ ಊರಲ್ಲಿ ಬೆಳೆದ ಮಕ್ಕಳು ಆ ದಳದಲ್ಲಿ ಸುಮಾರು ಜನ. ಮನೆಯಲ್ಲಿ ಒಂದು ಭಾಷೆ, ರಸ್ತೆಯಲ್ಲಿ ಇನ್ನೊಂದು. ನಮ್ಮ ಮಕ್ಕಳಿಗೆ ಮತ್ತೆ ಯಾರ ಕಥೆ ಹೇಳುವುದು?"

ಮಗಳನ್ನು ಸೇರಿಸಲು ನಾನು ಫೋನ್ ಮಾಡಿದೆ. "ಸೈನ್ಯಕ್ಕೆ ಸೇರುವುದು ನೀವಾ?" ಎಂದರು. ನಾನಲ್ಲ, ಮಗಳು ಎಂದೆ. "ಹಾಗಾದ್ರೆ ಅವಳು ಬರ್ಲಿ, ಒಬ್ಬಳೇ. ಅಪ್ಪ ಅಮ್ಮ ಸೇರಿಸ್ಲಿಕ್ಕೆ ಇದು ಟ್ಯೂಷನ್ ಅಲ್ಲ." ಎಲ್ಲ ಮಕ್ಕಳಿಗೂ ಅದೇ ನಿಯಮ. ತಾನೇ ಬಂದು ಬಾಗಿಲು ತಟ್ಟಬೇಕು, ಹೆಸರನ್ನೂ ಬಂದ ಕಾರಣವನ್ನೂ ಕನ್ನಡದಲ್ಲಿ ಹೇಳಬೇಕು. ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ನನ್ನ ಮಗಳು "ಮಮ್ಮಿ, ಒಂದು ಮೆಸೇಜ್ ಹಾಕಿದ್ರೆ ಸಾಲದಾ?" ಎಂದು ಕೆಲವು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಹೋದಳು. ಒಳಗೆ ಏನು ಹೇಳಿದಳೋ, ಇಂದಿಗೂ ಹೇಳಿಲ್ಲ.

ಕವಾಯತು ಕಲಿಸಿದ್ದೂ ಟೀಚರೇ. ಒಂದು ಸಂಜೆ ನೋಡಲು ಹೋದರೆ ಇಡೀ ದಳ ಒಂದು ಕಾಲನ್ನು ಊರಿ, ಇನ್ನೊಂದನ್ನು ಎಳೆಯುತ್ತ ಸಾಗುತ್ತಿದೆ! ಅವರು ನಡೆದು ತೋರಿಸಿದ್ದನ್ನು ಮಕ್ಕಳು ಹಾಗೆಯೇ ಕಲಿತಿದ್ದರು, ಅದೇ ಗ್ರೀಕರ ನಡಿಗೆ ಎಂದುಕೊಂಡು. ಹೇಗೆ ಹೇಳುವುದೆಂದು ನಾನು ತಡವರಿಸುತ್ತಿರುವಾಗ ಅವರಿಗೇ ಅದು ಕಂಡಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ದೇವರೇ, ಎಲ್ಲ ನನ್ನ ಕಾಲೇ! ಸ್ವಲ್ಪ ನೆಟ್ಟಗೆ ನಡೀರಿ ಮಕ್ಕಳೇ, ಯಲ್ಲಾ!" ಎಂದು ಅರಬ್ಬಿ ಸೇರಿಸಿ ಹುರಿದುಂಬಿಸಿದರು.

ಕಾರ್ಯಕ್ರಮಕ್ಕೆ ಒಂದು ವಾರವಿದ್ದಾಗ ಸಂಘದ ಅಧ್ಯಕ್ಷರು ತಾಲೀಮು ನೋಡಲು ಬಂದರು. ಪಕ್ಕದ ರೂವಿಯಲ್ಲಿ ಟ್ರಾವೆಲ್ ಆಫೀಸ್ ಇಟ್ಟಿದ್ದ, ಎಲ್ಲರಿಗೂ ಬೇಕಾದ ಮನುಷ್ಯ. ಶತ್ರುಗಳಾದ ತುರ್ಕರು ಈ ಮುಸ್ಲಿಂ ನಾಡಿನ ವೇದಿಕೆಗೆ ಬರುವುದಿಲ್ಲ, ಡೋಲಿನ ಸದ್ದು ಮಾತ್ರ ಎಂದು ತಿಳಿದು ಅವರಿಗೆ ಸಮಾಧಾನವಾಯಿತು. ಕೊನೆಯ ದೃಶ್ಯ ಮಾತ್ರ ಹಿಡಿಸಲಿಲ್ಲ.

"ಹಬ್ಬದ ದಿನ ಮಕ್ಕಳನ್ನು ಸ್ಟೇಜಲ್ಲಿ ಸಾಯಿಸುವುದಾ ಟೀಚರ್? ಗ್ರೀಕರು ಕಡೆಗೆ ಗೆದ್ದರಲ್ಲ ಮಾರಾಯ್ರೇ. ಅದನ್ನು ತೋರಿಸಿ, ಒಂದು ಡ್ಯಾನ್ಸ್ ಹಾಕಿ, ಖಲಾಸ್."

"ಗೆದ್ದದ್ದು ಆಮೇಲೆ. ಈ ಹುಡುಗರು ಅದನ್ನು ನೋಡ್ಲಿಲ್ಲ."

"ಹಾಗಾದ್ರೆ ಸ್ಟೇಜ್ ಸ್ವಲ್ಪ ಕಷ್ಟ."

"ಕಷ್ಟ ಅಂದ್ರೆ ಇಲ್ಲ ಅಂತಲಾ?"

ಅವರು ಚಹಾ ಕುಡಿದು ಹೊರಟರು. ಟೀಚರ್ ಮಕ್ಕಳಿಗೆ ಏನನ್ನೂ ಮುಚ್ಚಿಡಲಿಲ್ಲ. ಸ್ಟೇಜ್ ಸಿಗದಿರಬಹುದು, ತಾಲೀಮು ಮಾತ್ರ ನಿಲ್ಲುವುದಿಲ್ಲ, ಬೇಡ ಅನ್ನಿಸಿದವರು ಹೋಗಬಹುದು ಎಂದರು. ಅಣ್ಣ ತಂಗಿ ಇಬ್ಬರು ಎದ್ದು ಹೋದರು. ಟೀಚರ್ ಬಾಗಿಲವರೆಗೆ ಹೋಗಿ ಅವರ ಕೈಗೆ ಬಿಸ್ಕತ್ತು ಕೊಟ್ಟು ಕಳಿಸಿದರು.

ಆಗ ನನ್ನ ಮಗಳು ಕೇಳಿದಳು: "ಸೋಲ್ತಾರೆ ಅಂತಾದ್ರೆ ಅವರು ಯಾಕೆ ಹೋದ್ರು ಟೀಚರ್?"

"ಸೋಲ್ತೇವೆ ಅಂತ ಅವರಿಗೆ ಗೊತ್ತಿರ್ಲಿಲ್ಲ ಮಗಾ. ಗೊತ್ತಿರುವುದು ನಮಗೆ. ಅದಕ್ಕೇ ನೀವು ಮೊದಲೇ ಅಳುಮುಖ ಮಾಡಬಾರದು."

ಈ ಮಾತು ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೆ. ಆ ದಿನದ ನನ್ನ ಡೈರಿಯಲ್ಲಿರುವುದು 'ತಾಲೀಮು. ಮಗಳಿಗೆ ನೆಗಡಿ' ಎಂದಷ್ಟೇ. ಮಾತು ಅವರದೇ, ಮಗಳೂ ಒಪ್ಪುತ್ತಾಳೆ. ಆದರೆ ಅದನ್ನು ಕೇಳಿದ ಕ್ಷಣದಲ್ಲೇ ಅದರ ತೂಕ ನನಗೆ ತಿಳಿದಿತ್ತೆಂದು ಹೇಳಿದರೆ ಸುಳ್ಳಾದೀತು.

ಮರುದಿನ ಮಕ್ಕಳು ಯಾರಿಗೂ ಹೇಳದೆ, ಶಾಲೆ ಬಿಟ್ಟ ಮೇಲೆ ನಡೆದುಕೊಂಡೇ ರೂವಿಗೆ ಹೋಗಿ ಅಧ್ಯಕ್ಷರ ಆಫೀಸಿನಲ್ಲಿ ಸಾಲಾಗಿ ನಿಂತರಂತೆ. "ಟೀಚರ್ ಕಳಿಸಿದ್ರಾ?" ಎಂದು ಅವರು ಕೇಳಿದರು. "ಇಲ್ಲ ಅಂಕಲ್, ಅವರಿಗೆ ಗೊತ್ತಿಲ್ಲ. ನಮಗೆ ಸ್ಟೇಜ್ ಬೇಕು. ಸಾಯುವುದು ನಾವು, ನಮಗೆ ಬೇಜಾರಿಲ್ಲ." ಅಧ್ಯಕ್ಷರು ಎಲ್ಲರಿಗೂ ಜ್ಯೂಸ್ ತರಿಸಿ, ಹೂಂ ಎಂದರು. ತಾನು ಆಗಲೇ ಒಪ್ಪಿಯಾಗಿತ್ತು ಎಂದು ಅವರು ಈಗ ಹೇಳುತ್ತಾರೆ. ಇರಬಹುದು.

ನಾಟಕದ ದಿನ ತೆರೆಯ ಹಿಂದೆ ತಟ್ಟೆಯಲ್ಲಿ ಕಡಲೆ ಕುಲುಕಿ ಮಳೆಯ ಸದ್ದು ಮಾಡುವ ಕೆಲಸ ನನ್ನದು. ಡೋಲು ಹತ್ತಿರವಾಯಿತು. ಕಪ್ಪು ಟೀ ಶರ್ಟಿನ ಮಕ್ಕಳು ಒಬ್ಬೊಬ್ಬರಾಗಿ ಬಿದ್ದರು. ಸಭೆಯಲ್ಲಿ ಒಂದು ಪುಟ್ಟ ಮಗು "ಅಕ್ಕ ಏಳುದಿಲ್ವಾ?" ಎಂದು ಜೋರಾಗಿ ಕೇಳಿತು. ತೆರೆ ಎಳೆಯಬೇಕಾದವರು ಮರೆತು ನಿಂತಿದ್ದರು. ಟೀಚರ್ ಕಾಲೆಳೆಯುತ್ತ ವೇದಿಕೆಯ ನಡುವೆ ಬಂದು, ಬಿದ್ದವರನ್ನೆಲ್ಲ ಒಮ್ಮೆ ನೋಡಿ, "ಏಳಿ ಮಕ್ಕಳೇ, ಊಟ ತಣೀತದೆ" ಎಂದರು.

ಗಂಡನ ಕೆಲಸ ಮುಗಿದು ಅವರು ಮಂಗಳೂರಿಗೆ ಹಿಂತಿರುಗಿದರು. ಕಳೆದ ತಿಂಗಳು ಅಲ್ಲಿಂದ ಸುದ್ದಿ ಬಂತು. ಗಲ್ಫಿನಲ್ಲಿರುವವರ ಮನೆಗಳಲ್ಲಿ ಸಾವನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಮೊದಲು 'ಸೀರಿಯಸ್' ಎನ್ನುವುದು, ನಿಜ ಹೇಳುವುದು ಮಾರನೆಯ ದಿನ. ಈಗ ಮಂಗಳೂರಿನಲ್ಲೇ ಕಾಲೇಜು ಓದುತ್ತಿರುವ ಮಗಳಿಗೂ ಹಾಗೆಯೇ ತಿಳಿಸು ಎಂದು ಪಕ್ಕದ ಮನೆಯವರು ಹೇಳಿದರು. ನಾನು ಫೋನ್ ಎತ್ತಿ, "ಟೀಚರ್ ತೀರಿಕೊಂಡರು ಮಗಾ, ಇವತ್ತು ಬೆಳಿಗ್ಗೆ" ಎಂದೆ. ಹಾಗೆ ಹೇಳುವ ಧೈರ್ಯ ನನಗೆ ಬಂದದ್ದು ಅವರಿಂದಲೇ.

ಮಗಳು ಕನ್ನಡದಲ್ಲೇ ಕೇಳಿದಳು: "ಮಣ್ಣು ಮಾಡುವುದು ಎಷ್ಟು ಗಂಟೆಗೆ ಅಮ್ಮ?"