ಗಿರಾಕಿಗಳಿಗೆ ಸಿಗುವ ಗಂಡ

ನಮ್ಮನೆಯವರು ಕ್ಷೌರಿಕರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಒಂದೂವರೆ ಕೋಣೆಯಲ್ಲಿ ಅತ್ತೆ, ನಾನು, ಹನ್ನೊಂದು ತಿಂಗಳ ಮಗಳು. ನಡುವೆ ಒಂದು ಹಸಿರು ಪರದೆ. ನನ್ನ ಪಾಲಿಗೆ ಇವರು ಇಬ್ಬರು: ಪರದೆಯಾಚೆ ಇರುವವರೊಬ್ಬರು, ಊಟಕ್ಕೆ ಈಚೆ ಬರುವವರೇ ಇನ್ನೊಬ್ಬರು. ಆಚೆಯವರು ಬೆಳಗ್ಗೆ ಎಂಟಕ್ಕೆ ಬಾಯಿ ತೆರೆದರೆ ಸರ್ಕಾರ, ಸಿನಿಮಾ, ದೇವರು, ಒಂದನ್ನೂ ಬಿಡುವುದಿಲ್ಲ. ಈಚೆಯವರು “ಉಪ್ಪು”, “ಟವೆಲು”, “ಮಲಗಿದ್ಲಾ?” ಎಂಬಿಷ್ಟರಲ್ಲೇ ದಿನ ಮುಗಿಸುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬರೆಯಹೊರಟೆ. ಆದರೆ ಮಾರಿಯೇನಲ್ಲ. ಮಗುವಿನ ಬಟ್ಟೆ ಒಗೆಯುತ್ತಾರೆ, ಅದರ ಉಗುರನ್ನು ನನಗಿಂತ ನಯವಾಗಿ ತೆಗೆಯುತ್ತಾರೆ. ಮಾತನ್ನು ಮಾತ್ರ ಪೂರ್ತಿ ಗಿರಾಕಿಗಳಿಗೆ ಕೊಟ್ಟುಬಿಟ್ಟಿದ್ದಾರೆ.

ಆ ಮಾತಿಗೂ ಒಂದು ನಿಯಮವಿದೆ. ಕಸುಬು ಕಲಿಸುವಾಗ ನಮ್ಮ ಮಾವ ಹೇಳಿದ್ದರಂತೆ, ಕತ್ತಿ ಕೈಯಲ್ಲಿರುವಾಗ ಗಿರಾಕಿಯ ಜೊತೆ ವಾದ ಮಾಡಬೇಡ, ಸಿಟ್ಟು ಬಂದರೆ ಅವನು ತಲೆ ಅಲ್ಲಾಡಿಸುತ್ತಾನೆ, ಗಾಯ ಮಾಡಿದ ಹೆಸರು ನಿನಗೆ ಬರುತ್ತದೆ ಎಂದು. ಹಾಗಾಗಿ ಇವರು ಯಾರಿಗೂ ಇಲ್ಲವೆನ್ನುವುದಿಲ್ಲ. ಚುನಾವಣೆ ಹತ್ತಿರ ಬಂದಿದೆ. ಇವರ ಮತ ತಮಗೇ ಎಂದು ಎರಡೂ ಪಕ್ಷದವರು ನಂಬಿ ನುಣ್ಣನೆಯ ಗಲ್ಲ ಸವರಿಕೊಂಡು ಹೋಗುತ್ತಾರೆ. ಹೋದ ವಾರ ಇಬ್ಬರು ನಾಯಕನಟರ ಅಭಿಮಾನಿಗಳು, ಒಬ್ಬ ಕುರ್ಚಿಯಲ್ಲಿ ಒಬ್ಬ ಬೆಂಚಿನ ಮೇಲೆ ಕೂತು, ಯಾರು ದೊಡ್ಡವರು ಹೇಳಿ ಎಂದು ಪಟ್ಟು ಹಿಡಿದರು. “ಇಬ್ಬರ ಕೂದಲೂ ಚೆನ್ನಾಗಿದೆ” ಎಂದರು ಇವರು. ಪರದೆಯ ಹಿಂದೆ ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ನನಗೂ ಅಭಿಪ್ರಾಯಗಳಿವೆ. ಅಂಗಡಿಗೆ ಬರುವ ಪೇಪರನ್ನು ನೊರೆಯ ಕಲೆಯಾಗಿ ಮುದುಡಿದ ಮೇಲಾದರೂ ಕೊನೆಯ ಪುಟದವರೆಗೆ ಓದುತ್ತೇನೆ. ದಿನ ಬಿಟ್ಟು ದಿನ ಬರುವ ನಲ್ಲಿ ನೀರಿನ ಬಗ್ಗೆ ಯಾವ ಪಕ್ಷವೂ ಒಂದು ಸಾಲು ಹೇಳಿಲ್ಲ. ಸಿನಿಮಾದಲ್ಲಿ ಐವತ್ತು ದಾಟಿದ ನಾಯಕ ಇನ್ನೂ ಕಾಲೇಜಿಗೆ ಹೋಗುತ್ತಾನೆ. ದೇವರ ಹತ್ತಿರ ನಾನು ದೊಡ್ಡದೇನೂ ಕೇಳುವುದಿಲ್ಲ, ಮಗಳಿಗೆ ಕೆಮ್ಮು ಬಾರದಿರಲಿ ಅನ್ನುತ್ತೇನೆ. ಇವನ್ನೆಲ್ಲ ಯಾರೂ ಕೇಳುವವರಿಲ್ಲದೆ ಈ ಪುಸ್ತಕದಲ್ಲಿ ಬರೆದಿಡುತ್ತೇನೆ.

ನಿನ್ನೆ ಮಗುವನ್ನೆತ್ತಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಇವರು ನೀರು ತರಲು ಒಳಗೆ ಹೋಗಿದ್ದರು. ದಿನ ಬಿಟ್ಟು ದಿನ ಗಡ್ಡ ತೆಗೆಸಿಕೊಳ್ಳಲು ಬರುವ ನಿವೃತ್ತ ಮೇಷ್ಟ್ರು ಮುಖದ ತುಂಬ ನೊರೆ ಇಟ್ಟುಕೊಂಡು ಮಗಳ ಕಡೆ ನೋಡಿ ನನಗೆ ಹೇಳಿದರು: “ನಿನ್ನ ಹೆರಿಗೆ ಕಷ್ಟ ಆಗಿತ್ತಲ್ಲಮ್ಮ, ಅವತ್ತು ನಿನ್ನ ಗಂಡ ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿ ಕೈ ಮುಗಿದು ನಿಂತುಬಿಟ್ಟಿದ್ನಂತೆ. ಜೀವನದಲ್ಲಿ ಅದೇ ಮೊದಲ ಪ್ರಾರ್ಥನೆ ಅಂದ.”

ನನಗೆ ಗೊತ್ತಿರಲಿಲ್ಲ. ಒಳಗೆ ಸಾವಿನ ಬಾಗಿಲು ತಟ್ಟಿ ಬಂದವಳು ನಾನು. ಹೊರಗೆ ನಿಂತವರು ಏನು ಮಾಡುತ್ತಿದ್ದರೆಂದು ಎಷ್ಟು ಸಲ ಕೇಳಿದ್ದೇನೆ! “ಏನಿಲ್ಲ, ನಿಂತಿದ್ದೆ” ಎಂಬುದಷ್ಟೇ ಉತ್ತರ. ನನಗೆ ಸೇರಬೇಕಾದ ಆ ಪ್ರಾರ್ಥನೆ ಮೇಷ್ಟ್ರ ಪಾಲಾಗಿತ್ತು. ಆ ಮುದುಕರ ಸೋಪಿನ ಮುಖ ಕಂಡು, ಸವತಿಯನ್ನು ಕಂಡಂತೆ, ಮೈಯೆಲ್ಲ ಉರಿದುಹೋಯಿತು.

ಇವತ್ತು ಅಂಗಡಿಗೆ ರಜೆ. ಮಧ್ಯಾಹ್ನ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹೋಗಿ ಕುರ್ಚಿಯಲ್ಲಿ ಕೂತೆ. ತುದಿ ಕತ್ತರಿಸಿ ಎಂದೆ. ಇವರು ಕುತ್ತಿಗೆಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ಬಾಚಣಿಗೆ ಹಿಡಿದದ್ದೇ ತಡ, ಕನ್ನಡಿಯೊಳಗಿಂದ ಮಾತು ಶುರುವಾಯಿತು. ಬಿಸಿಲು ಎಷ್ಟು ಜೋರು ಅಂದರು. ನಾನು ಬೇಕೆಂದೇ ಒಂದು ಪಕ್ಷವನ್ನು ಹೊಗಳಿದೆ. ಸರಿ ಅಂದರು. ಇನ್ನೊಂದನ್ನು ಹೊಗಳಿದೆ. ಅದೂ ನಿಜವೇ ಅಂದರು.

“ರೀ, ನಾನೇನು ಗಿರಾಕಿನಾ?” ಎಂದೆ. “ಪ್ರಾರ್ಥನೆ ಮಾಡಿದ್ದನ್ನ ಮೇಷ್ಟ್ರಿಗೆ ಹೇಳ್ತೀರ. ನನಗೆ ಹೇಳಲ್ಲ.”

ಕತ್ತರಿ ನಿಂತಿತು.

“ಅವರು ಭಕ್ತರು ಕಣೇ. ಪ್ರಾರ್ಥನೆ ಮಾಡಿದ್ಯಾ ಅಂತ ಕೇಳಿದ್ರು. ಕತ್ತಿ ಅವರ ಗಂಟಲ ಹತ್ರ ಇತ್ತು. ಹೂಂ ಅಂದೆ. ಕೈ ಮುಗಿದೆ, ಅದೇ ಮೊದಲ ಪ್ರಾರ್ಥನೆ ಅಂತಾನೂ ಸೇರಿಸಿದೆ.”

“ಅಂದ್ರೆ ಸುಳ್ಳಾ?”

ಕತ್ತರಿ ಕೆಳಗಿಟ್ಟು ನನ್ನ ತಲೆ ಬಾಚಿದರು. “ದೇವರನ್ನ ಕೇಳೋಕೆ ಭಯ ಆಯ್ತು. ಕೇಳಿದ ಮೇಲೆ ಅವನು ಕೊಡದೇ ಹೋದ್ರೆ? ಗೋಡೆ ನೋಡ್ತಾ ನಿಂತಿದ್ದೆ. ನರ್ಸು ನಿನ್ನ ಚಪ್ಪಲಿ ತಂದು ಕೈಗೆ ಕೊಟ್ಟಿದ್ಲು. ಕೆಳಗಿಡೋಕೆ ಮನಸ್ಸಾಗಲಿಲ್ಲ.” ಮತ್ತೆ ಕತ್ತರಿ ಎತ್ತಿಕೊಂಡು ಹೇಳಿದರು: “ಇನ್ನೊಂದು. ನೀನು ಮೊದಲು ಹೊಗಳಿದ್ಯಲ್ಲ, ಆ ಪಕ್ಷಕ್ಕೆ ನಾನಂತೂ ಹಾಕಲ್ಲ. ನಿನಗೆ ಅಷ್ಟೂ ತಿಳಿಯಲ್ವಾ?”

ತಿಳಿಯುತ್ತದೆ ಎಂದೆ. ತಿಳಿಯುವುದಿಲ್ಲ ಎಂದರು. ನೀರಿನ ವಿಷಯ ತೆಗೆದೆ, ಅದಕ್ಕೂ ಎದುರು ಮಾತಾಡಿದರು. ಮಾವ ಹೇಳಿದ್ದೇನೂ ಸುಳ್ಳಲ್ಲ. ನಾನು ತಲೆ ಕೊಡವಿದೆ, ಎಡಗಡೆ ಎರಡು ಬೆರಳಿನಷ್ಟು ಕೂದಲು ಹೆಚ್ಚಾಗಿ ಹೋಯಿತು. ಮಗುವನ್ನೆತ್ತಿಕೊಂಡು ಅತ್ತೆ ಓಡಿಬಂದರು. ರಜೆಯ ದಿನವೂ ಯಾರ ಜೊತೆ ಜಗಳ ಎಂದು ಕೇಳಿ, ಕುರ್ಚಿಯಲ್ಲಿ ಕೂತವಳನ್ನು ನೋಡಿ ಬಂದ ದಾರಿ ಹಿಡಿದರು.

ಹೊಟ್ಟೆಕಿಚ್ಚು ಆರಿತೆಂದು ಬರೆದರೆ ಅದೂ ಗಿರಾಕಿಗೆ ಹೇಳುವ ಮಾತಾದೀತು. ಕೈ ಮುಗಿದು ನಿಂತ ಗಂಡ ಸುಳ್ಳಾದರೂ ಚೆಂದವಿದ್ದ, ಅವನು ಮೇಷ್ಟ್ರ ಹತ್ತಿರವೇ ಉಳಿದ. ನಾಳೆ ಅವರು ಗಡ್ಡಕ್ಕೆ ಬರುವ ದಿನ. ಮಗಳನ್ನು ಕಂಡರೆ ಮತ್ತೆ ಆ ಮಾತು ತೆಗೆಯುತ್ತಾರೆ. ಇವರ ಕತ್ತಿ ಆಗಲೂ ಅವರ ಗಂಟಲ ಹತ್ತಿರವೇ ಇರುತ್ತದೆ. ಹೌದು ಮೇಷ್ಟ್ರೇ ಎನ್ನಬೇಕು, ನಾನೂ.