ಕೈ ಮೊದಲು, ಮಾತು ಆಮೇಲೆ

ನನಗೆ ತಿಳಿವಳಿಕೆ ಬಂದಾಗಿನಿಂದ ಉಗ್ಗು ಇದೆ. ಚ, ಬ, ಫ ಇಂಥ ಅಕ್ಷರಗಳು ಮಾತಿನ ಮೊದಲಿಗೆ ಬಂದರೆ ಗಂಟಲು ಹಿಡಿದುಕೊಳ್ಳುತ್ತದೆ. ಹುಬ್ಬಳ್ಳಿಯ ಶಾಲೆಯಲ್ಲಿ ಹಾಜರಿ ಕರೆದಾಗ ಎದ್ದು ನಿಂತು ಕೈ ಎತ್ತುತ್ತಿದ್ದೆನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಕೆನಡಾಕ್ಕೆ ಬಂದ ಮೇಲೆ ಬ್ರ್ಯಾಂಪ್ಟನ್ನಿನ ವೇರ್‌ಹೌಸೊಂದರಲ್ಲಿ ಕೆಲಸ ಹಿಡಿದದ್ದೂ ಇದೇ ಕಾರಣಕ್ಕೆ. ಪೆಟ್ಟಿಗೆ ಎತ್ತಿ ಇಡುವವನಿಗೆ ಮಾತಿನ ಹಂಗಿಲ್ಲ ಎಂದುಕೊಂಡಿದ್ದೆ. ಕೆಲವು ವರ್ಷ ಹಾಗೆಯೇ ನಡೆಯಿತು.

ಆಮೇಲೆ ಅಲ್ಲಿಗೆ ಹೆಡ್‌ಸೆಟ್ಟುಗಳು ಬಂದವು. ಯಾವ ಸಾಲಿಗೆ ಹೋಗಬೇಕೆಂದು ಕಿವಿಯಲ್ಲಿ ಒಂದು ಹೆಣ್ಣುದನಿ ಹೇಳುತ್ತಿತ್ತು. ಅಲ್ಲಿಗೆ ಹೋಗಿ, ಕಪಾಟಿಗೆ ಅಂಟಿಸಿದ ಅಂಕಿಯನ್ನು ಓದಿ ಮೈಕಿನಲ್ಲಿ ಹೇಳಬೇಕು. ಹೇಳಿದರಷ್ಟೇ ಮುಂದಿನ ಕೆಲಸ. ಫೋರ್, ಫೈವ್ ಬಂದರೆ ನಾನು "ಫ... ಫ..." ಎನ್ನುವಷ್ಟರಲ್ಲಿ ಅದು "ಸೇ ಅಗೇನ್" ಎನ್ನುತ್ತಿತ್ತು. ಮತ್ತೆ ಹೇಳಲು ಹೋದರೆ ಮತ್ತೆ "ಸೇ ಅಗೇನ್." ಮನುಷ್ಯರಾಗಿದ್ದರೆ ನನ್ನ ಮುಖ ನೋಡಿ ಒಂದು ಕ್ಷಣ ತಡೆಯುತ್ತಿದ್ದರು. ಈ ದನಿಗೆ ನನ್ನ ಮುಖವೇ ಕಾಣುವುದಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗಲೂ ಅದು ಕಿವಿಯಲ್ಲೇ ಇರುತ್ತಿತ್ತು.

ನನ್ನ ಜೊತೆ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಪಂಜಾಬಿ ಗೆಳೆಯನೊಬ್ಬ ಇದನ್ನೆಲ್ಲ ಗಮನಿಸಿದ್ದ. ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಿಂತಾಗ, "ಭಾಯಿ, ಎಟೋಬಿಕೋಕ್ ಕಡೆ ಕ್ಯಾಸಿನೋದಲ್ಲಿ ಇಸ್ಪೀಟ್ ಎಲೆ ಹಂಚೋ ಡೀಲರ್ ಕೆಲಸಕ್ಕೆ ಜನ ತಗೋತಿದ್ದಾರೆ. ಕಲಿಸೋದೂ ಅವರೇ. ನಿನ್ನ ಕೈ ಭಾಳ ಚುರುಕು, ಹೋಗಿ ನೋಡು," ಎಂದ. ನಾನು ನಕ್ಕುಬಿಟ್ಟೆ. ಟೇಬಲ್ಲಿನ ಸುತ್ತ ಕೂತ ಅಪರಿಚಿತರ ಮುಂದೆ ನಿಂತು ಮಾತಾಡುವ ಕೆಲಸ, ಅದೂ ನನಗೆ.

ಆಗ ನಾವು ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿದ್ದೆವು. ನಾನು, ನನ್ನ ಹೆಂಡತಿ, ಅವಳ ತಾಯಿ. ಹೆಂಡತಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಗೆಳೆಯನ ಮಾತನ್ನು ತಮಾಷೆಯಾಗಿ ಅವಳಿಗೆ ಹೇಳಿದೆ. ಅವಳು ನಗಲಿಲ್ಲ.

"ಹೋಗಿ ನೋಡ್ರಿ. ಬ್ಯಾಡಂದ್ರ ಅವರು ಹೇಳತಾರ. ಅವರಕಿಂತ ಮೊದ್ಲ ನೀವ ಯಾಕ ಬ್ಯಾಡಂತೀರಿ?"

ಹೋದೆ. ನನ್ನನ್ನು ಮಾತಾಡಿಸಿದ್ದು ಮುಂದೆ ನಮಗೆ ಕಲಿಸಿದ ಫಿಲಿಪಿನೋ ಹೆಂಗಸು. ಗಿಡ್ಡ ಆಳು, ಬೆಳ್ಳಗಾದ ತಲೆ. ಹಡಗುಗಳ ಮೇಲಿನ ಕ್ಯಾಸಿನೋಗಳಲ್ಲಿ ದುಡಿದು ಇಲ್ಲಿಗೆ ಬಂದವಳು. ಕೂತ ಕೂಡಲೇ ಇಂಗ್ಲಿಷಿನಲ್ಲಿ, "ನನಗೆ ಉಗ್ಗು ಇದೆ, ಮಾತಿಗೆ ಹೊತ್ತು ಹಿಡಿಯುತ್ತೆ," ಎಂದು ಹೇಳಿದೆ. ಅದನ್ನು ಹೇಳುವುದಕ್ಕೂ ಹೊತ್ತು ಹಿಡಿಯಿತು.

"ಅದು ಈಗ ನನಗೂ ಗೊತ್ತಾಯಿತು," ಎಂದು ಅವಳು ಇಸ್ಪೀಟಿನ ಕಟ್ಟೊಂದನ್ನು ನನ್ನ ಮುಂದೆ ಇಟ್ಟಳು. "ಕಲೆಸಿ ತೋರಿಸು."

ಕಲೆಸಿದೆ. ಎರಡು ಎಲೆ ಕೆಳಗೆ ಬಿದ್ದವು. ಆದರೂ ತರಬೇತಿಗೆ ಬಾ ಎಂದಳು.

ತರಗತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಬ್ಲ್ಯಾಕ್‌ಜ್ಯಾಕ್. ಎಲೆಗಳನ್ನು ಕೂಡಿಸುತ್ತ ಇಪ್ಪತ್ತೊಂದರ ಹತ್ತಿರ ಹೋಗುವ ಆಟ, ಅದನ್ನು ದಾಟಿದರೆ ಸೋಲು. ಇನ್ನೊಂದು ಎಲೆ ಬೇಕೆಂದರೆ ಆಡುವವರು ಟೇಬಲ್ಲಿನ ಹಸಿರು ಬಟ್ಟೆಯನ್ನು ಬೆರಳಿನಿಂದ ತಟ್ಟಬೇಕು. ಸಾಕೆಂದರೆ ಅಂಗೈ ಆಡಿಸಬೇಕು. ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ. "ಮೇಲಿರೋ ಕ್ಯಾಮೆರಾ ಕೈ ಮಾತ್ರ ನೋಡುತ್ತೆ," ಎಂದಳು ಶಿಕ್ಷಕಿ. ನಾನು ಮನಸ್ಸಿನಲ್ಲೇ ಕುಣಿದೆ. ಜಗತ್ತಿನಲ್ಲಿ ನನಗಾಗಿಯೇ ಮಾಡಿಟ್ಟ ಕೆಲಸವೊಂದು ಸಿಕ್ಕಿತು ಅನ್ನಿಸಿತು.

ಆ ಖುಷಿ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಆಡುವವರಿಗೆ ಮಾತು ಬೇಡ, ಡೀಲರನಿಗೆ ಬೇಕು. ಯಾರಾದರೂ ನೋಟು ಇಟ್ಟು ಚಿಪ್ಸ್, ಅಂದರೆ ಪಣದ ಬಿಲ್ಲೆ, ಕೇಳಿದರೆ, ನೋಟುಗಳನ್ನು ಬಟ್ಟೆಯ ಮೇಲೆ ಹರಡಿ, ಹಿಂದೆ ನಿಂತ ಸೂಪರ್‌ವೈಸರಿಗೆ ಕೇಳುವ ಹಾಗೆ "ಚೇಂಜಿಂಗ್" ಎಂದು ಕೂಗಬೇಕು. ಆ ಶಬ್ದ ಶುರುವಾಗುವುದೇ ಚಕಾರದಿಂದ. ನಾನು ಗಡಿಬಿಡಿಯಲ್ಲಿ ನೋಟು ಹರಡಿ, ಕೈ ಹಿಂದಕ್ಕೆಳೆದುಕೊಂಡು ನಿಂತೆ. ಬಾಯಿಂದ ಶಬ್ದ ಹೊರಡಲಿಲ್ಲ, ಕಣ್ಣು ತಾವಾಗಿಯೇ ಮುಚ್ಚಿದವು. ಜೊತೆಗೆ ಕಲಿಯುತ್ತಿದ್ದ ಹುಡುಗಿಯೊಬ್ಬಳು ಕನಿಕರದಿಂದ ನನ್ನ ಪರವಾಗಿ "ಚೇಂಜಿಂಗ್" ಎಂದಳು.

ಶಿಕ್ಷಕಿ ಅವಳನ್ನು ಗದರಲಿಲ್ಲ. "ಡೀಲರ್ ಮಾತು ಡೀಲರದು. ಮುಗಿಯೋತನಕ ಬೇರೆ ಯಾರೂ ಬಾಯಿ ಹಾಕಬಾರದು," ಎಂದಷ್ಟೇ ಹೇಳಿದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು ನಿಂತಳು. "ನೀನು ಮಾತನ್ನ ಮುಂದೆ ಕಳಿಸಿ, ಕೈಯನ್ನ ಹಿಂದೆ ನಿಲ್ಲಿಸಿದ್ದೀಯ. ತಿರುಗಿಸು. ನೋಟಿನ ಮೇಲೆ ಕೈ ಇಡು, ನಿಧಾನವಾಗಿ ಹರಡು, ಉಸಿರು ಬಿಡು. ಕೈ ಮೊದಲು, ಮಾತು ಆಮೇಲೆ. ಅದು ಬರೋತನಕ ಟೇಬಲ್ ಬಿಟ್ಟು ಯಾರೂ ಓಡಿಹೋಗಲ್ಲ."

ಆ ದಿನ ಶಬ್ದ ಮುರಿದುಕೊಂಡೇ ಬಂತು. ಆದರೆ ಬಂತು.

ಮನೆಯಲ್ಲಿ ಅಭ್ಯಾಸಕ್ಕೆಂದು ಊಟದ ಟೇಬಲ್ಲಿನ ಮೇಲೆ ಒಂದು ಹಳೆಯ ಹೊದಿಕೆ ಹಾಸಿದೆ. ಅತ್ತೆ ಬಾಗಿಲಲ್ಲೇ ನಿಂತರು.

"ದೇವರ ಜಗಲಿ ಇದ್ದಲ್ಲೆ ಇಸ್ಪೀಟ್ ಎಲಿ ತಂದೀರೇನ್ರಿ, ಅಳಿಯಂದ್ರ?"

"ಕೆಲಸದ್ದವ್ವಾ ಅದು, ಆಟಾ ಅಲ್ಲ," ಎಂದಳು ಹೆಂಡತಿ.

"ಆಟಾ ಅಲ್ಲಂದ್ರ ಎಲಿ ಯಾಕ ಬೇಕು?"

ಅತ್ತೆ ದೇವರ ಮುಂದಿನ ಪರದೆಯನ್ನು ಎಳೆದು ಮುಚ್ಚಿ, ತಾವು ಸೋಫಾದಲ್ಲಿ ಆ ಕಡೆ ಮುಖ ಮಾಡಿ ಕೂತರು. ಚಿಪ್ಸಿನ ಬದಲು ಶೇಂಗಾ ಇಟ್ಟುಕೊಂಡು ನಾವಿಬ್ಬರೂ ಶುರುಮಾಡಿದೆವು. ಕೆಲವು ದಿನ ಅತ್ತೆ ಆ ಕಡೆಯೇ ಮುಖ ಮಾಡಿ ಕೂತರು. ಆಮೇಲೊಂದು ದಿನ ಹೆಂಡತಿ ಹದಿನೇಳಕ್ಕೆ ಇನ್ನೊಂದು ಎಲೆ ಕೇಳಿದಾಗ ಹಿಂದಿನಿಂದ, "ಸಾಕ ಅನ್ನ, ಯಾಕ ಇನ್ನೊಂದ ಬೇಡತಿ?" ಎಂದು ದನಿ ಬಂತು. ತಿರುಗಿ ನೋಡಿದರೆ ಅತ್ತೆ ಕನ್ನಡಕ ಹಾಕಿಕೊಂಡು ನಿಂತಿದ್ದಾರೆ. ಮರುದಿನದಿಂದ ಅವರೂ ಕುರ್ಚಿ ಎಳೆದುಕೊಂಡರು. ಗೆದ್ದ ಶೇಂಗಾ ಅಲ್ಲಲ್ಲೇ ತಿಂದುಬಿಡುತ್ತಿದ್ದುದರಿಂದ ಅವರ ಮುಂದೆ ಗಳಿಕೆ ಉಳಿಯುತ್ತಲೇ ಇರಲಿಲ್ಲ.

ಶಿಕ್ಷಕಿಯ ನಿಯಮವನ್ನು ಅವರಿಬ್ಬರಿಗೂ ಹೇಳಿದ್ದೆ. ಡೀಲರನ ಮಾತು ಮುಗಿಯುವ ತನಕ ನಡುವೆ ಬಾಯಿ ಹಾಕುವಂತಿಲ್ಲ. ನಮ್ಮ ಮನೆಯಲ್ಲಿ ಇದು ದೊಡ್ಡ ಮಾತೇ. ಮದುವೆಯಾದಾಗಿನಿಂದ ನನ್ನ ವಾಕ್ಯಗಳನ್ನು ಹೆಂಡತಿಯೇ ಪೂರ್ತಿ ಮಾಡುತ್ತಿದ್ದಳು. ಅವಳು ಇಲ್ಲದಾಗ ಅತ್ತೆ. ಪ್ರೀತಿಯಿಂದಲೇ ಮಾಡುತ್ತಿದ್ದರು. ನಾನೂ ಅರ್ಧ ಹೇಳಿ ಬಿಡುವುದನ್ನೇ ರೂಢಿ ಮಾಡಿಕೊಂಡಿದ್ದೆ. ಈಗ ನಾನು "ಚ..." ಎಂದು ನಿಂತಾಗ ಹೆಂಡತಿಯ ತುಟಿ ತಾನಾಗಿ ಅಲುಗುತ್ತಿತ್ತು, ಅವಳು ಅದನ್ನು ಕಚ್ಚಿ ಹಿಡಿಯುತ್ತಿದ್ದಳು. ಅತ್ತೆಯಂತೂ ಸೆರಗನ್ನೇ ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಇಬ್ಬರೂ ನನ್ನ ಕೈ ನೋಡುತ್ತ ಕಾಯುತ್ತಿದ್ದರು. ಮೇಲೆ ವಿಮಾನವೊಂದು ಇಳಿಯುವ ಸದ್ದು ಬಂದು ಹೋಗುತ್ತಿತ್ತು. ಆಮೇಲೆ ಶಬ್ದ ಬರುತ್ತಿತ್ತು.

ಒಂದು ಸಂಜೆ ಎಲೆ ಎತ್ತಿಟ್ಟ ಮೇಲೆ ಹೆಂಡತಿ ಹೇಳಿದಳು: "ನೀವು ಇಷ್ಟ ಮಾತಾಡತೀರಿ ಅಂತ ನನಗ ಗೊತ್ತ ಇದ್ದಿಲ್ಲರಿ."

ಕೊನೆಯ ಪರೀಕ್ಷೆಯಲ್ಲಿ ಮೇಲಿನ ಅಧಿಕಾರಿಗಳೇ ಆಟಗಾರರಾಗಿ ಕೂತರು. ಬೇಕೆಂದೇ ಗಲಾಟೆ ಮಾಡಿದರು, ಒಬ್ಬ ಚಿಪ್ಸ್ ಚೆಲ್ಲಿದ, ಇನ್ನೊಬ್ಬ ಉಳಿದವರ ಮಾತಿನ ನಡುವೆಯೇ ನೋಟು ಎಸೆದ. ನೋಟು ಹರಡಿದೆ. ಶಬ್ದ ಸಿಕ್ಕಿಕೊಂಡಿತು. ಕೈ ಕದಲಿಸದೆ ನಿಂತೆ, ಉಸಿರು ಬಿಟ್ಟೆ, ಹೇಳಿದೆ. ಆಟ ಮುಂದುವರಿಯಿತು. ಅವರಲ್ಲೊಬ್ಬ ಆಮೇಲೆ ಶಿಕ್ಷಕಿಯ ಜೊತೆ ತುಂಬ ಹೊತ್ತು ಮಾತಾಡಿದ್ದು ಗಾಜಿನಾಚೆ ಕಾಣುತ್ತಿತ್ತು. ಅವಳು ಏನು ಹೇಳಿದಳೋ ಇಂದಿಗೂ ಗೊತ್ತಿಲ್ಲ. ಹೊರಗೆ ಬಂದು, "ನಿನಗೆ ಹಗಲು ಶಿಫ್ಟು, ಸೋಮವಾರ ಬಾ," ಎಂದಳು.

ಹಗಲು ಹೊತ್ತಿನ ಕ್ಯಾಸಿನೋ ಹೊರಗಿನವರು ಊಹಿಸುವಂತೆ ಇರುವುದಿಲ್ಲ. ನಿವೃತ್ತರು ಬರುತ್ತಾರೆ, ಶಿಫ್ಟು ಮುಗಿಸಿದ ಟ್ರಕ್ ಚಾಲಕರು ಬರುತ್ತಾರೆ, ವಿಮಾನ ತಡವಾದವರು ಬರುತ್ತಾರೆ. ನನ್ನ ಟೇಬಲ್ಲಿನ ಕೊನೆಯ ಕುರ್ಚಿಯಲ್ಲಿ ಜಮೈಕಾ ಮೂಲದ ಒಬ್ಬ ವಯಸ್ಸಾದ ಹೆಂಗಸು ಕೂರುತ್ತಿದ್ದಳು. ಇದೇ ಊರಿನಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತಳಾದವಳು. ಚಿಕ್ಕ ಚಿಕ್ಕ ಪಣ ಇಟ್ಟು, ಚಹಾ ಕುಡಿಯುತ್ತ, ಎಲ್ಲರನ್ನೂ ಡಾರ್ಲಿಂಗ್ ಎಂದು ಕರೆಯುತ್ತ ಆಡುತ್ತಿದ್ದಳು.

ಒಂದು ದಿನ ಯುವಕನೊಬ್ಬ ಬಂದು ಕೂತ. ಸೋಲುತ್ತಿದ್ದ, ಸಿಟ್ಟಿನಲ್ಲಿದ್ದ. ಅವನ ನೋಟು ಹರಡಿ ನಾನು "ಚ... ಚ..." ಎಂದಾಗ ಅವನೂ ಹಾಗೆಯೇ ಮುಖ ಸೊಟ್ಟ ಮಾಡಿ "ಚ... ಚ..." ಎಂದ. ನನ್ನ ಕಿವಿ ಬಿಸಿಯಾದವು. ಓಡಿಹೋಗಬೇಕು ಅನ್ನಿಸಿದ್ದು ನಿಜ. ಕೈ ನೋಟಿನ ಮೇಲಿತ್ತು, ಅಲ್ಲೇ ಇಟ್ಟೆ.

ಬಸ್ಸಿನ ಹೆಂಗಸು ಚಹಾದ ಲೋಟ ಕೆಳಗಿಟ್ಟಳು. "ಡಾರ್ಲಿಂಗ್," ಎಂದಳು, ನನಗಲ್ಲ, ಅವನಿಗೆ. "ಬಸ್ಸಿನ ಮೆಟ್ಟಿಲು ಹತ್ತೋಕೆ ಹೊತ್ತು ಹಿಡಿಯೋರಿಗಾಗಿ ನಾನು ಜೀವನವಿಡೀ ಕಾದಿದ್ದೀನಿ. ನೀನು ಒಂದು ಮಾತಿಗೆ ಕಾಯಿ."

ನಾನು ಶಬ್ದ ಮುಗಿಸಿದೆ. ಅವನ ಚಿಪ್ಸ್ ಎಣಿಸಿ ಮುಂದೆ ಸರಿಸಿದೆ. ಬೇರೆ ಟೇಬಲ್ಲಿಗೆ ಹೋಗುತ್ತೀಯಾ ಎಂದು ಸೂಪರ್‌ವೈಸರ್ ಮೆಲ್ಲಗೆ ಕೇಳಿದ. ಬೇಡ ಎಂದೆ. ಆ ಒಂದು ಶಬ್ದ ಮಾತ್ರ ಎಲ್ಲೂ ತಡೆಯದೆ ಬಂತು. ಯುವಕ ಇನ್ನೂ ಸ್ವಲ್ಪ ಹೊತ್ತು ಆಡಿ ಎದ್ದು ಹೋದ. ಹೋಗುವಾಗ "ಸಾರಿ, ಮ್ಯಾನ್," ಎಂದ, ಮುಖ ನೋಡದೆ.

ಈ ಕೆಲಸದಲ್ಲಿ ಸೋಲುವವರನ್ನು ದಿನವೂ ನೋಡುತ್ತೇವೆ. ಅದಕ್ಕೆ ಕಣ್ಣು ಮುಚ್ಚಿ ಬರೆಯಲಾರೆ. ಬಸ್ಸಿನ ಹೆಂಗಸೂ ಒಂದು ಚಳಿಗಾಲದಿಂದ ಬದಲಾಗತೊಡಗಿದಳು. ಚಹಾ ಆರಿಹೋಗುತ್ತಿತ್ತು. ಪಣ ದೊಡ್ಡದಾಯಿತು. ಡಾರ್ಲಿಂಗ್ ಎನ್ನುವುದು ನಿಂತಿತು. ಆಟಗಾರರಿಗೆ ಬುದ್ಧಿ ಹೇಳುವುದು ಡೀಲರನ ಕೆಲಸವಲ್ಲ. ಆದರೆ ಯಾರಾದರೂ ಮಿತಿ ಮೀರುತ್ತಿದ್ದಾರೆ ಅನ್ನಿಸಿದರೆ ಮೇಲಿನವರಿಗೆ ತಿಳಿಸಬೇಕೆಂದು ನಮಗೆ ಕಲಿಸಿದ್ದರು. ನನ್ನ ಮರ್ಯಾದೆ ಉಳಿಸಿದವಳ ಮೇಲೆ ಚಾಡಿ ಹೇಳಿದಂತಾಗುತ್ತದೋ ಏನೋ ಎಂದು ಕೆಲವು ದಿನ ಹಿಂಜರಿದೆ. ಮನೆಯಲ್ಲಿ ಹೇಳಿಕೊಂಡೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಕೇಳಿದ ಮೇಲೆ ಅತ್ತೆ, "ಆಕಿಗೆ ಸಿಟ್ಟ ಬಂದ್ರ ಬರಲಿ ಬಿಡ್ರಿ. ಆಕಿ ನೆಟ್ಟಗ ಇರಬೇಕಷ್ಟ," ಎಂದರು.

ಮರುದಿನ ಸೂಪರ್‌ವೈಸರಿಗೆ ಹೇಳಿದೆ. ಅವನು ಅವಳನ್ನು ಪಕ್ಕಕ್ಕೆ ಕರೆದು ಮಾತಾಡಿಸಿದ. ಅವಳು ನನ್ನ ಕಡೆ ಒಮ್ಮೆ ನೋಡಿ ಕೋಟು ಎತ್ತಿಕೊಂಡು ಹೋದಳು. ಆಮೇಲೆ ಕಾಣಲಿಲ್ಲ.

ಹಿಮ ಕರಗುವ ಹೊತ್ತಿಗೆ ಒಂದು ಮಧ್ಯಾಹ್ನ ಬಂದಳು. ಕೂರಲಿಲ್ಲ. ಟೇಬಲ್ಲು ಖಾಲಿಯಿತ್ತು.

"ಹೇಳಿದ್ದು ನೀನೇ ಅಂತ ನನಗೆ ಗೊತ್ತು," ಎಂದಳು.

"ಬೇ... ಬೇಜಾರಾಯಿತೇ?" ಎಂದು ಕೇಳಿದೆ. ಅವಳು ಪೂರ್ತಿ ಕಾದಳು.

"ಆಯಿತು. ಆಮೇಲೆ ತಂಗಿಗೆ ಫೋನ್ ಮಾಡಿದೆ. ಈಗ ಅವಳ ಮನೇಲೇ ಇದ್ದೀನಿ. ಹಿತ್ತಲಲ್ಲಿ ಟೊಮ್ಯಾಟೊ ಹಾಕೋಕೆ ಮಣ್ಣು ಹದ ಮಾಡ್ತಿದ್ದೀವಿ." ಹಿಂದಿನ ಕೋಣೆಯ ಕಡೆ ಕೈ ತೋರಿಸಿದಳು. ಇನ್ನು ಮುಂದೆ ನನ್ನನ್ನು ಒಳಗೆ ಬಿಡಬೇಡಿ ಎಂದು ತಾವಾಗಿಯೇ ಕೇಳಿಕೊಳ್ಳುವವರಿಗೆ ಅಲ್ಲಿ ಒಂದು ವ್ಯವಸ್ಥೆ ಇದೆ. "ಅಲ್ಲಿಗೇ ಹೊರಟಿದ್ದೀನಿ. ಇನ್ನು ಈ ಬಾಗಿಲಲ್ಲಿ ನನ್ನ ಕಾಯಬೇಡ, ಡಾರ್ಲಿಂಗ್."

ಟೇಬಲ್ಲಿನಲ್ಲಿ ನಾವು ಯಾರ ಕೈಯನ್ನೂ ಕುಲುಕುವಂತಿಲ್ಲ. ಎರಡೂ ಅಂಗೈಗಳನ್ನು ತಟ್ಟೆಯಂತೆ ಬಿಚ್ಚಿ ತೋರಿಸಿದೆ. ಕೈಯಲ್ಲಿ ಏನೂ ಇಲ್ಲ ಎಂದು ಕ್ಯಾಮೆರಾಕ್ಕೆ ತೋರಿಸುವ ರೀತಿ ಅದು. ಅವಳೂ ನಗುತ್ತ ತನ್ನ ಅಂಗೈ ಬಿಚ್ಚಿ ತೋರಿಸಿ, ಆ ಕೋಣೆಗೆ ಹೋದಳು. ಆ ದಿನ ಮನೆಗೆ ಬಸ್ಸಿನಲ್ಲಿ ಬರುವಾಗ ಎದೆ ಹಗುರಾಗಿತ್ತು.

ಕಳೆದ ಬೇಸಿಗೆಯಲ್ಲಿ ಶಿಕ್ಷಕಿ ನನ್ನನ್ನು ಕರೆಸಿ, ಹೊಸಬರ ತರಗತಿಗೆ ತನ್ನ ಜೊತೆ ನಿಂತು ಕಲಿಸುತ್ತೀಯಾ ಎಂದು ಕೇಳಿದಳು. ಬೇಡವೆನ್ನುವುದು ನಾಲಗೆಯ ತುದಿಗೆ ಬಂದಿತ್ತು. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದೆ. ಹೆಂಡತಿ, "ನನ್ನ ಯಾಕ ಕೇಳತೀರಿ, ಬಾಯಿ ನಿಮ್ಮದು," ಎಂದಳು.

ಮೊದಲ ದಿನ ಬೆಳಿಗ್ಗೆ ಕಿಟಕಿ ತೆರೆದಿದ್ದ ಕೋಣೆಯಲ್ಲಿ ಅರ್ಧ ವರ್ತುಲಾಕಾರದ ಟೇಬಲ್ಲಿನ ಸುತ್ತ ಎಲ್ಲರೂ ನಿಂತಿದ್ದರು. ಕಾಲೇಜು ಹುಡುಗರಿದ್ದರು, ಅಡುಗೆಮನೆಯ ಕೆಲಸ ಬಿಟ್ಟು ಬಂದ ನಡುವಯಸ್ಸಿನ ಹೆಂಗಸೊಬ್ಬಳಿದ್ದಳು. ನನಗೆ ಉಗ್ಗು ಇದೆ, ನಿಲ್ಲುವಲ್ಲಿ ನಿಲ್ಲುತ್ತೇನೆ, ಮುಗಿಸುತ್ತೇನೆ, ಎಂದು ಮೊದಲೇ ಹೇಳಿದೆ. ಎಲೆ ಹಿಡಿಯುವುದು ತೋರಿಸಿದೆ. ಆ ಹೆಂಗಸಿನ ಕೈಯಿಂದ ಕಟ್ಟು ಜಾರಿ ನೆಲದ ತುಂಬ ಹರಡಿತು. ಅವಳು ನಾಚಿ ಬಗ್ಗಿದಳು, ಪಕ್ಕದ ಹುಡುಗನೂ ಬಗ್ಗಿದ, ನಾನೂ ಬಗ್ಗಿದೆ. ಮೂವರೂ ಟೇಬಲ್ಲಿನ ಕೆಳಗೆ ಎಲೆ ಹುಡುಕುತ್ತಿರುವಾಗ ಅವಳು, "ಸರ್, ಇದು ನಿಜವಾಗಲೂ ಕೈಗೆ ಬರುತ್ತಾ?" ಎಂದು ಕೇಳಿದಳು.

"ಬ..." ಎಂದೆ. ನಿಂತಿತು. ಅವಳು ರಾಜನ ಎಲೆಯೊಂದನ್ನು ಹಿಡಿದುಕೊಂಡು ಅಲ್ಲೇ ಮಂಡಿಯೂರಿ ಕಾದಳು. "ಬರುತ್ತೆ," ಎಂದೆ. ಎದ್ದು ನಿಂತು, ಮತ್ತೆ ಮೊದಲಿನಿಂದ ಕಲೆಸಲು ಹೇಳಿದೆ.