ಚೀನಾಕ್ಕೆ ಹೋಗಿಬಂದ ಅಕ್ಕ

ಅಕ್ಕನ ಕೈಗೆ ಏನು ಕೊಟ್ಟರೂ ಮೊದಲು ಅದನ್ನು ಮಗುಚಿ ಅಡಿ ನೋಡುತ್ತಿದ್ದರು. ತಟ್ಟೆ, ಲೋಟ, ಗಡಿಯಾರ, ಯಾರದೋ ಮಗುವಿನ ಆಟದ ಬಸ್ಸು. ಅಲ್ಲಿ ಅಚ್ಚಾದ ಅಕ್ಷರಗಳನ್ನು ಒರಟು ಹೆಬ್ಬೆರಳಿನಿಂದ ಸವರಿ, "ನಮ್ಮವರದ್ದೇ" ಎನ್ನುತ್ತಿದ್ದರು. ನಮ್ಮವರು ಎಂದರೆ ಮಂಗಳೂರಿನವರಲ್ಲ, ಚೀನಾದವರು. ದುಬೈನ ದೇರಾದ ಒಂದು ಸಗಟು ಅಂಗಡಿಯಲ್ಲಿ ಕಂಟೇನರಿನಿಂದ ಇಳಿದ ಪಾತ್ರೆ, ಪ್ಲಾಸ್ಟಿಕ್ ಸಾಮಾನುಗಳ ಗುಣಮಟ್ಟ ನೋಡುವುದು ಅವರ ಕೆಲಸ. ಬಿರುಕು ಬಿಟ್ಟ ಬಕೆಟ್ ಸಿಕ್ಕಿದರೆ ಸ್ವಂತ ತಮ್ಮನೇ ತಪ್ಪು ಮಾಡಿದ ಹಾಗೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

ಅವರು ನನಗೆ ರಕ್ತಸಂಬಂಧಿಯಲ್ಲ. ದೇರಾದ ಹಳೆಯ ಕಟ್ಟಡವೊಂದರ ಕೋಣೆಯಲ್ಲಿ ನಾವು ಮೂವರು ಹೆಂಗಸರು ಬೆಡ್‌ಸ್ಪೇಸ್, ಅಂದರೆ ಬಾಡಿಗೆಗೆ ಒಂದೊಂದು ಮಂಚ, ಹಿಡಿದಿದ್ದೆವು. ನಾನು ಊದ್ ಮೇಥಾದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಉಳ್ಳಾಲದ ಜುಲೇಖಾ ಬ್ಯೂಟಿ ಪಾರ್ಲರಿನಲ್ಲಿದ್ದಳು. ಇಬ್ಬರಿಗಿಂತಲೂ ಹಿರಿಯರು ಅಕ್ಕ. ಮಂಚಕ್ಕೊಂದು ಪರದೆ, ಆ ಪರದೆಯ ಒಳಗಿನದ್ದಷ್ಟೇ ನಮ್ಮ ಮನೆ.

ಅಕ್ಕನ ಅಪ್ಪ ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು, ಯೂನಿಯನ್ನಿನ ಮನುಷ್ಯ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೀನಾದ ಕ್ರಾಂತಿಯ ಕತೆ ಹೇಳುತ್ತಿದ್ದರಂತೆ. ಬೆಟ್ಟ ದಾಟಿ ನಡೆದ ರೈತರು, ಬೀದಿಯಲ್ಲಿ ಸುಟ್ಟ ಜಮೀನುದಾರರ ಪತ್ರಗಳು, ಪಾದ ಬೆಳೆಯದಂತೆ ಚಿಕ್ಕಂದಿನಲ್ಲೇ ಬಿಗಿದ ಕಾಲಿನ ಕಟ್ಟು ಬಿಚ್ಚಿ ಓಡಿದ ಹೆಂಗಸರು. ಕೊನೆಗೆ ಯಾವಾಗಲೂ ಒಂದೇ ಮಾತು: "ಅಲ್ಲಿ ದುಡಿಯುವವನೇ ಯಜಮಾನ, ಮಗಳೇ." ಕಾರ್ಖಾನೆ ಮುಚ್ಚಿತು, ಅಪ್ಪನೂ ಹೋದರು. "ನನಗೆ ಆಸ್ತಿ ಅಂತ ಬಂದದ್ದು ಆ ಮಾತೊಂದೇ" ಎಂದು ಅಕ್ಕ ನಗುತ್ತಿದ್ದರು.

ರಜೆಯ ದಿನ ಮೀನು ಗಸಿ ಕುದಿಯುತ್ತಿದ್ದಂತೆ ವಾದವೂ ಕುದಿಯುತ್ತಿತ್ತು.

"ಎಂತ ಕ್ರಾಂತಿ ಅಕ್ಕಾ ಅದು?" ಜುಲೇಖಾ ಈರುಳ್ಳಿ ಹೆಚ್ಚುತ್ತಾ ಶುರುಮಾಡುತ್ತಿದ್ದಳು. "ಹೊರಗೆ ಕೆಂಪು ಬಾವುಟ, ಒಳಗೆ ಭರ್ಜರಿ ವ್ಯಾಪಾರ. ಇಲ್ಲಿ ನಮಗೆ ಸಂಬಳ ಕೊಡುವ ಅರ್ಬಾಬಿಗೂ ಅವರಿಗೂ ಎಂತ ವ್ಯತ್ಯಾಸ ಉಂಟು?"

"ವ್ಯಾಪಾರ ಮಾಡಿದರೆ ಎಂತ ಆಯ್ತು? ಮೊದಲು ಜನರ ಹೊಟ್ಟೆ ತುಂಬಬೇಡವಾ? ಬಂಡವಾಳದವನನ್ನು ಪಕ್ಷ ಕೆಲಸಕ್ಕೆ ಇಟ್ಟುಕೊಂಡದ್ದು ಅಷ್ಟೆ. ಅಂಗಡಿಯಲ್ಲಿ ಯಾರು ಕೂತಿದ್ದಾರೆ ಅಂತ ನೋಡುವುದಲ್ಲ, ಕೀಲಿಕೈ ಯಾರ ಸೊಂಟದಲ್ಲಿ ಉಂಟು ಅಂತ ನೋಡು."

"ಕೀಲಿಕೈ ಇಟ್ಟುಕೊಂಡವನೇ ಅಂಗಡಿಯವನಾದರೆ?"

ಅಕ್ಕ ಸೌಟನ್ನು ಜೋರಾಗಿ ತಿರುಗಿಸುತ್ತಿದ್ದರು. ವಾರವಿಡೀ ಲೆಕ್ಕ ಬರೆದು ತಲೆ ಚಿಟ್ಟು ಹಿಡಿದಿದ್ದ ನನಗೆ ಚೀನಾದ ಭವಿಷ್ಯ ಬೇಕಿರಲಿಲ್ಲ, ಊಟ ಬೇಕಿತ್ತು. ಆದರೂ ಅಕ್ಕ ನನ್ನ ಕಡೆ ತಿರುಗಿ ಹೇಳಿದ್ದೊಂದು ನೆನಪಿದೆ. "ಒಮ್ಮೆ ಹೋಗಿ ಕಣ್ಣಾರೆ ನೋಡಬೇಕು. ಅಪ್ಪ ಹೇಳಿದ್ದು ಸತ್ಯವಾ ಸುಳ್ಳಾ ಅಂತ ಗೊತ್ತಾಗದೆ ನಾನು ಸಾಯಬಾರದು."

ಆ ಅವಕಾಶ ಬಂದೇ ಬಂತು. ಹೊಸ ಕಾರ್ಖಾನೆಯೊಂದರ ಮಾಲು ಪರೀಕ್ಷಿಸಲು ಅಂಗಡಿಯ ಧಣಿ ಅಕ್ಕನನ್ನೇ ಕಳಿಸಿದ. ಅಕ್ಕ ಪೆಟ್ಟಿಗೆಯ ತಳದಲ್ಲಿದ್ದ ರೇಷ್ಮೆ ಸೀರೆ ತೆಗೆದು ಇಸ್ತ್ರಿ ಮಾಡಿದರು. ಪ್ಲಾಸ್ಟಿಕ್ ಬಕೆಟ್ ನೋಡಲು ರೇಷ್ಮೆ ಸೀರೆಯಾ ಎಂದು ಜುಲೇಖಾ ಎಷ್ಟು ರೇಗಿಸಿದರೂ ಕೇಳಲಿಲ್ಲ. ದೇವಸ್ಥಾನಕ್ಕೆ ಹೊರಟವರ ಹಾಗೆ ಹೋದರು.

ವಾಪಸು ಬಂದವರು ಚೀನಾದ ಸುದ್ದಿಯೇ ಎತ್ತಲಿಲ್ಲ. ಕೆಲಸಕ್ಕೆ ಹೋದರು, ಬಂದರು, ಪರದೆ ಎಳೆದುಕೊಂಡರು. ಒಂದು ಸಂಜೆ ನಾನೇ ತಡೆಯಲಾರದೆ ಕೇಳಿದೆ.

"ಊರೆಲ್ಲ ಚಂದ ಉಂಟು. ರಸ್ತೆ, ರೈಲು ಎಲ್ಲ ನೋಡಬೇಕು ನೀನು" ಎಂದರು. ಆಮೇಲೆ, "ಯೂನಿಯನ್ ಅಧ್ಯಕ್ಷರನ್ನು ಒಮ್ಮೆ ನೋಡಬೇಕು ಅಂದೆ. ಕರೆದುಕೊಂಡು ಹೋದರು. ನನಗೆ ಬೆಳಿಗ್ಗೆಯಿಂದ ಕಾರ್ಖಾನೆ ತೋರಿಸಿದ ಮ್ಯಾನೇಜರೇ ಬಂದು ಪುನಃ ಕೈಕುಲುಕಿದ. ಅವನೇ ಅಧ್ಯಕ್ಷ ಅಂತೆ" ಎಂದರು.

ಜುಲೇಖಾ ತನ್ನ ಪರದೆ ಸರಿಸಿ ಹತ್ತಿರ ಬಂದು ಕೂತಳು.

"ಹುಡುಗಿಯರ ಹಾಸ್ಟೆಲ್ ತೋರಿಸಿದರು. ಎಲ್ಲ ಹಳ್ಳಿಯಿಂದ ಬಂದವರು. ಮಂಚದ ಮೇಲೆ ಮಂಚ. ಮಂಚಕ್ಕೊಂದು ಪರದೆ ಕಟ್ಟಿಕೊಂಡಿದ್ದಾರೆ ಮಾರಾಯ್ತಿ, ಹೀಗೇ." ತಮ್ಮ ಪರದೆಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. "ನಾವು ಪರದೇಶದಲ್ಲಿ ಹೀಗಿದ್ದೇವೆ. ಅವರು ಅವರದ್ದೇ ದೇಶದಲ್ಲಿ ಹೀಗಿದ್ದಾರೆ."

ಆಮೇಲೆ ವಾದ ನಿಂತುಹೋಯಿತು. ಜುಲೇಖಾ ಬೇಕೆಂದೇ ಕೆಣಕುತ್ತಿದ್ದಳು. ಒಂದು ರಜೆಯ ದಿನ ಅಕ್ಕ ಶಾಂತವಾಗಿ, "ನೀನು ಹೇಳಿದ್ದೇ ಸರಿ, ಜುಲೇಖಾ. ಖಲಾಸ್" ಎಂದುಬಿಟ್ಟರು. ಜುಲೇಖಾಳ ಕಣ್ಣು ತುಂಬಿಬಂತು. "ಸರಿ ಅಂತ ಅನ್ನಿಸಿಕೊಳ್ಳಲಿಕ್ಕೆ ನಾನು ವಾದ ಮಾಡಿದ್ದಲ್ಲ ಅಕ್ಕಾ" ಎಂದು ಚೂರಿ ಅಲ್ಲೇ ಬಿಟ್ಟು ಎದ್ದುಹೋದಳು. ಆ ದಿನ ಮೂವರಿಗೂ ಊಟ ಸೇರಲಿಲ್ಲ.

ಅಕ್ಕ ಮತ್ತೆ ನಕ್ಕದ್ದು ಪಕ್ಕದ ಕೋಣೆಗೆ ಚೀನಾದ ಹುಡುಗಿಯೊಬ್ಬಳು ಬಂದ ಮೇಲೆ. ಮೊಬೈಲ್ ಸಾಮಾನಿನ ಅಂಗಡಿಯಲ್ಲಿ ಮಾರಾಟದವಳು. ಅವಳಿಗೆ ಜ್ವರ ಬಂದಾಗ ಅಕ್ಕ ಗಂಜಿ ಮಾಡಿಕೊಟ್ಟರು. ಹುಡುಗಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಊರಲ್ಲೂ ಜ್ವರಕ್ಕೆ ಇದನ್ನೇ ಕೊಡುತ್ತಾರೆ ಎಂದು ಫೋನಿನ ಅನುವಾದದಲ್ಲಿ ತಿಳಿಸಿದಳು. ಅಕ್ಕ ಅದೇ ಫೋನಿಗೆ ಬಾಯಿಟ್ಟು ಕೇಳಿದರು: "ನಿಮ್ಮ ಕ್ರಾಂತಿಯ ಬಗ್ಗೆ ನಿನಗೆ ಎಂತ ಗೊತ್ತುಂಟು?" ಫೋನು ಪುಸ್ತಕದ ಕನ್ನಡದಲ್ಲಿ ಉತ್ತರಿಸಿತು: "ನಾನು ಅದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆನು. ಈಗ ಮರೆತಿದ್ದೇನೆ."

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮಂಚದ ಅಂಚಿನಲ್ಲಿ ಕೂತು, ಅಪ್ಪ ಹೇಳಿದ್ದನ್ನೆಲ್ಲ ಆ ಹುಡುಗಿಗೆ ಹೇಳಲು ಶುರುಮಾಡಿದರು. ಬೆಟ್ಟ, ಪತ್ರಗಳ ಬೆಂಕಿ, ಬಿಚ್ಚಿದ ಕಾಲುಗಳು. ಚೀನಾದವಳಿಗೆ ಚೀನಾದ ಕತೆ ಹೇಳುವ ಮಂಗಳೂರಿನ ಹೆಂಗಸು! ಜುಲೇಖಾ ಬಾಗಿಲಿಗೆ ಒರಗಿ ಕೇಳುತ್ತಿದ್ದಳು, ಒಮ್ಮೆಯೂ ಮಧ್ಯೆ ಬಾಯಿ ಹಾಕಲಿಲ್ಲ. ಹುಡುಗಿಯ ಜ್ವರ ಇಳಿದ ಮೇಲೂ ಕತೆ ಮುಂದುವರಿಯಿತು.

"ಈಗಲೂ ನಂಬುತ್ತೀರಾ?" ಎಂದು ನಾನು ಕೇಳಿದ್ದೆ.

"ಆದದ್ದು ಆಗಿದೆ, ಅದು ಸುಳ್ಳಲ್ಲ. ಅದು ಆಗದಿದ್ದರೆ ಇವಳು ಕಾಲು ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದಳು. ಎಲ್ಲಿ ನಿಂತುಹೋಯಿತು ಅಂತ ಇವಳಿಗೆ ಯಾರಾದರೂ ಹೇಳಬೇಕಲ್ಲ" ಎಂದರು. ದಣಿದಿದ್ದರು. ಹೇಳಿ ಹಾಗೇ ಗೋಡೆಗೆ ಒರಗಿದರು.

ಕೆಲವು ತಿಂಗಳಿಗೆ, ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಂಬಿದ್ದು ಮುರಿದ ಮೇಲೂ ಅದರಲ್ಲಿ ಗಟ್ಟಿಯಿದ್ದದ್ದನ್ನು ಆರಿಸಿ ಇಟ್ಟುಕೊಳ್ಳಬಹುದು ಎಂಬುದನ್ನು ನಾನು ಕಂಡದ್ದು ಅವರಲ್ಲೇ. ನನ್ನ ಬದುಕಿನಲ್ಲಿ ಎರಡು ಮೂರು ಸಲ ಅದು ಕೈಹಿಡಿದಿದೆ. ಅವರಿಗೆ ಇದನ್ನು ಹೇಳಬೇಕಿತ್ತು.

ಶವವನ್ನು ಊರಿಗೆ ಕಳಿಸುವ ಮೊದಲು ನೋಡಲು ಹೋದಾಗ ಚೀನಾದ ಹುಡುಗಿಯೂ ಬಂದಿದ್ದಳು. ಹೊರಗಿನ ಬೆಂಚಿನಲ್ಲಿ ಬಹಳ ಹೊತ್ತು ಅತ್ತು, ಫೋನಿಗೆ ಏನೋ ಹೇಳಿ ನನ್ನ ಮುಂದೆ ಹಿಡಿದಳು. "ಅಕ್ಕನ ತಂದೆಯವರು ನಮ್ಮ ದೇಶದಲ್ಲಿ ಎಷ್ಟು ವರ್ಷ ಇದ್ದರು?"

ಆ ಮನುಷ್ಯ ಮಂಗಳೂರು ಬಿಟ್ಟು ಎಲ್ಲಿಗೂ ಹೋದವರಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಜುಲೇಖಾ ನನ್ನ ಮಣಿಕಟ್ಟು ಹಿಡಿದಳು.

"ಜೀವಮಾನ ಇಡೀ ಅಲ್ಲೇ ಇದ್ದರು ಅಂತ ಹೇಳು."

ನಾನು ಹಾಗೇ ಹೇಳಿದೆ. ಸುಳ್ಳು ಹೇಳಿದೆ ಎಂದು ಇವತ್ತಿಗೂ ಅನ್ನಿಸಿಲ್ಲ.